ಗುಳಿಕೆನ್ನೆಯ ಕೈಮಾತು

ಜೂನ್ 18, ಸಂಜೆ

ಇವತ್ತೂ ಎಲ್ಲ ಪೀರಿಯಡ್. ಮೇಷ್ಟ್ರುಗಳು ಬಾಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ನಿಂತು ಕಿವಿ ಕೇಳದ ಮಕ್ಕಳಿಗೆ ಕೈಸನ್ನೆಯಲ್ಲಿ ಹೇಳಿದೆ. ಮಣಿಕಟ್ಟು ನೋವು. ಮಧ್ಯಾಹ್ನ ಹಾಲ್‌ನಲ್ಲಿ ಡ್ರಗ್ಸ್ ಬಗ್ಗೆ ಡಾಕ್ಟರರ ಭಾಷಣವಿತ್ತು. ನನ್ನ ಕಿವುಡು ಮಕ್ಕಳನ್ನು ಮಾತ್ರ ಡ್ರಾಯಿಂಗ್ ರೂಮಿಗೆ ಅಟ್ಟಿದರು. ನಾನಿದ್ದೇನಲ್ಲ, ಸನ್ನೆಯಲ್ಲಿ ಹೇಳುತ್ತೇನಲ್ಲ ಎಂದೆ.

"ಪಾಪದ ಮಕ್ಕಳು ಮೇಡಂ," ಅಂದರು ಹೆಡ್‌ಮಾಸ್ಟರ್. "ಇಲ್ಲದ್ದನ್ನ ಯಾಕೆ ತಲೆಗೆ ತುಂಬೋದು?"

ಪಾಪದ ಮಕ್ಕಳು ಮನೆ, ಮರ ಬಿಡಿಸಿದರು. ಗುಳಿಕೆನ್ನೆ ಹೆಡ್‌ಮಾಸ್ಟರರ ಹೊಟ್ಟೆ ಬಿಡಿಸಿದಳು. ನಮ್ಮ ಸನ್ನೆಯಲ್ಲಿ, ಕೆನ್ನೆಯ ಗುಳಿಗೆ ಬೆರಳಿಟ್ಟರೆ ಅದೇ ಅವಳ ಹೆಸರು. ನಾನೂ ಹಾಗೇ ಬರೆಯುವುದು.

ಜುಲೈ 9

ಗುಳಿಕೆನ್ನೆಗೆ ಹೊಸ ಗೆಳತಿಯರು. ಹತ್ತನೇ ಕ್ಲಾಸಿನವರು, ಕಿವಿ ಕೇಳುವವರು. ಊಟದ ಹೊತ್ತಿಗೆ ತಮ್ಮ ಬೆಂಚಿನಲ್ಲಿ ಅವಳಿಗೆ ಜಾಗ ಹಿಡಿದಿದ್ದರು. ಇಷ್ಟು ವರ್ಷ ಯಾರೂ ಹಿಡಿದಿರಲಿಲ್ಲ. ನೋಡಿ ನನಗೇ ಹೊಟ್ಟೆ ತುಂಬಿತು.

ಆಗಸ್ಟ್ 21

ವಿಜ್ಞಾನದ ಕ್ಲಾಸಿನಲ್ಲಿ ಉತ್ತರ ಹೇಳಲು ಎದ್ದಳು. ಕೈ ತೊದಲಿತು. ಬೆರಳುಗಳು ಅರ್ಧಕ್ಕೇ ಸೋತು ಬಿದ್ದವು. ಬೆಲ್ ಆದಮೇಲೆ ಕೂರಿಸಿಕೊಂಡು ಕೇಳಿದೆ. ಮುಚ್ಚಿಡಲಿಲ್ಲ. ಗೆಳತಿಯರು ಕೊಡುವ ಮಾತ್ರೆ. ನೋವಿನ ಮಾತ್ರೆ, ಮೆಡಿಕಲ್ ಶಾಪಿನದೇ, ಅದರಲ್ಲೇನು ತಪ್ಪು ಅಂದಳು.

ಯಾಕೆ ತಗೋತೀಯ?

"ತಗೊಂಡಾಗ, ಅವರು ನಗುವಾಗ ನಾನೂ ನಗ್ತೀನಿ ಟೀಚರ್. ಯಾಕೆ ನಗ್ತಿದಾರೆ ಅಂತ ಕೇಳಬೇಕು ಅನ್ನಿಸಲ್ಲ."

ಆಗಸ್ಟ್ 22

ಅವಳ ಅಮ್ಮನನ್ನು ಕರೆಸಿದೆ. ಬೇಕರಿಯಲ್ಲಿ ಪ್ಯಾಕಿಂಗ್ ಕೆಲಸ. ತಲೆಯ ಟೋಪಿ ಕೂಡ ತೆಗೆಯದೆ ಓಡಿ ಬಂದಿದ್ದರು. ಅವರಿಗೆ ಬರುವ ಸನ್ನೆ — ಉಣ್ಣು, ಮಲಗು, ಬೇಡ. ಅಷ್ಟೇ. ಬೈದದ್ದನ್ನೆಲ್ಲ ಮಗಳಿಗೆ ನಾನೇ ದಾಟಿಸಬೇಕಾಯಿತು. ನೀನು ಹುಟ್ಟದೇ ಇದ್ದಿದ್ದರೆ ಚೆನ್ನಾಗಿತ್ತು ಅಂದುಬಿಟ್ಟರು. ನನ್ನ ಕೈ ನಿಂತಿತು. ಗುಳಿಕೆನ್ನೆ ಅಮ್ಮನ ತುಟಿ ಓದಿಕೊಂಡಿದ್ದಳು.

ಹೆಡ್‌ಮಾಸ್ಟರರಿಗೆ ಎಲ್ಲ ಹೇಳಿದೆ. ಆ ಹುಡುಗಿಯರ ಮನೆಯವರನ್ನು ಕರೆಸುತ್ತಾರಂತೆ. ಡಾಕ್ಟರರನ್ನು ನನ್ನ ಮಕ್ಕಳಿಗಾಗಿ ಇನ್ನೊಮ್ಮೆ ಕರೆಸಿ ಎಂದೆ. ಪರೀಕ್ಷೆ ಮುಗಿಯಲಿ ಅಂದರು.

ಸೆಪ್ಟೆಂಬರ್ 3

ಮತ್ತೆ ಅದೇ ಮಾತ್ರೆ. ಗುಳಿಕೆನ್ನೆ ಶಾಲೆಯ ಬಾತ್‌ರೂಮಿನಲ್ಲಿ ಬಿದ್ದಿದ್ದಳು. ಉಸಿರು ಇತ್ತು, ಇಲ್ಲ, ಇತ್ತು... ಗೆಳತಿಯರು ಹೆದರಿ ಓಡಿದ್ದರು. ಒಬ್ಬಳು ವಾಪಸ್ ಬಂದು ನನ್ನ ಕೈ ಹಿಡಿದೆಳೆದಳು. ಇಲ್ಲದಿದ್ದರೆ—

ಆಸ್ಪತ್ರೆಯ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 11

ಕಣ್ಣು ಬಿಟ್ಟಳು. ಮಿದುಳಿಗೆ ಬಹಳ ಹೊತ್ತು ಆಕ್ಸಿಜನ್ ಸಿಕ್ಕಿಲ್ಲವಂತೆ. ನಡೆದಾಡಬಹುದಂತೆ. ಕೈಗಳಿಗೆ ಹಿಡಿತ ಬರುವುದು ಕಷ್ಟವಂತೆ.

"ಮಾತು ಹೇಗಿದ್ರೂ ಮೊದಲೇ ಇರಲಿಲ್ಲ, ಡಾಕ್ಟ್ರೇ," ಅಂದರು ಅಮ್ಮ, ತಮಗೇ ಸಮಾಧಾನ ಹೇಳಿಕೊಳ್ಳುವಂತೆ. ಆಸ್ಪತ್ರೆಯ ಡಾಕ್ಟರ್ ಹೌದೆಂದು ತಲೆಯಾಡಿಸಿದರು.

ಇಬ್ಬರಿಗೂ ಹೇಗೆ ಹೇಳಲಿ? ಅವಳ ಮಾತು ಇದ್ದದ್ದೇ ಕೈಯಲ್ಲಿ.

ಅಕ್ಟೋಬರ್ 6

ಕಡೆಗೂ ಹಾಲ್‌ನಲ್ಲಿ ಜೂನಿನ ಆ ಡಾಕ್ಟರರ ಭಾಷಣ, ಮತ್ತೊಮ್ಮೆ. ನನ್ನ ಮಕ್ಕಳು ಮುಂದಿನ ಸಾಲಿನಲ್ಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಡಾಕ್ಟರ್ ಹೇಳುತ್ತಾ ಹೋದರು, ನಾನು ಸನ್ನೆ ಮಾಡುತ್ತಾ ಹೋದೆ. ಯಾರು ಕೊಟ್ಟರೂ ಬೇಡ ಅನ್ನಿ ಎಂದರು. ನನ್ನ ಮಕ್ಕಳಲ್ಲಿ ಪುಟ್ಟವಳೊಬ್ಬಳು ಎದ್ದು ಸನ್ನೆಯಲ್ಲಿ ಕೇಳಿದಳು. ಮೈಕ್ ತೆಗೆದುಕೊಂಡು ಅವಳ ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ:

"ಬೇಡ ಅಂದ್ರೆ, ನಾಳೆ ಅವರು ನಮ್ಮ ಜೊತೆ ಕೂರ್ತಾರಾ?"

ಡಾಕ್ಟರ್ ನನ್ನ ಮುಖ ನೋಡಿದರು.

ನವೆಂಬರ್ 2

ಗುಳಿಕೆನ್ನೆಯ ಮನೆಗೆ ಹೋಗಿದ್ದೆ. ಈಗ ಅಮ್ಮನಿಗೆ ಸನ್ನೆ ಹೇಳಿಕೊಡುತ್ತಿದ್ದೇನೆ, ಅವರೇ ಕೇಳಿಕೊಂಡರು. ಇವತ್ತು ಮಂಚದ ಮುಂದೆ ನಿಂತು, ತಪ್ಪುತಪ್ಪಾಗಿ, ಮಗಳಿಗೆ ಕ್ಷಮಿಸು ಅಂದರು. ಹೊದಿಕೆಯೊಳಗಿಂದ ಗುಳಿಕೆನ್ನೆಯ ಕೈ ಎದ್ದಿತು. ನಡುಗುತ್ತಾ ಗಾಳಿಯಲ್ಲಿ ಏನೋ ಹೇಳಿ ಬಿತ್ತು.

"ಏನಂದಳು ಟೀಚರ್?"

ನನಗೆ ತಿಳಿಯಲಿಲ್ಲ. 'ಹೋಗು' ಇರಬಹುದು, 'ಬಾ' ಇರಬಹುದು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

ಬಾ ಅಂತಿದಾಳೆ ಎಂದೆ.

ಅಮ್ಮ ಬಾಗಿ ತಬ್ಬಿಕೊಂಡರು. ಅವರ ಹೆಗಲ ಮೇಲಿಂದ ಗುಳಿಕೆನ್ನೆ ನನ್ನನ್ನೇ ನೋಡಿದಳು. ನನ್ನ ತುಟಿಯನ್ನೂ ಓದಿಕೊಂಡಿದ್ದಳು; ಅವಳು ಅಂದದ್ದು ಅದೇನಾ ಅನ್ನೋದು ಮಾತ್ರ ಆ ನೋಟದಿಂದಲೂ ನನಗೆ ತಿಳಿಯಲಿಲ್ಲ.