ಹುಡುಗಿಯ ಮೇಲೆ ಹೇರಿದ ಕಾಲು ಸೆಕೆಂಡು

ಅರ್ಹತಾ ಮಿತಿ ಸಮಿತಿಯ ಅಧ್ಯಕ್ಷರೇ,

ಎಲ್ಲ ಶಾಲೆಗಳಿಗೂ ಒಂದೇ ಅಳತೆ ಎಂದಿರಿ; ಇಲ್ಲ. ಮಿತಿಯನ್ನು ಹೇಗೆ ಗೊತ್ತುಮಾಡಿದಿರೆಂದು ತಿಳಿಸುತ್ತೇವೆ ಎಂದಿರಿ; ತಿಳಿಸಲಿಲ್ಲ. ಆಕ್ಷೇಪಣೆ ಕೇಳುತ್ತೇವೆ ಎಂದಿರಿ; ಕೇಳಲು ನಿಮಗೆ ಕಿವಿಯೇ ಇರಲಿಲ್ಲ. ನನ್ನ ಅಕ್ಕನ ಮಗಳು, ಮನೆಮಂದಿಯೆಲ್ಲ ಚೂಟಿ ಎನ್ನುವ ಹುಡುಗಿ, ಶಾಲೆಯ ಮೇಷ್ಟ್ರ ಸ್ಟಾಪ್‌ವಾಚ್‌ನಲ್ಲಿ ಇನ್ನೂರು ಮೀಟರ್ ಓಟವನ್ನು ನೀವು ಹಾಕಿದ ಮಿತಿಯೊಳಗೇ ಮುಗಿಸಿದ್ದಾಳೆ. ಆದರೂ ಪ್ರೌಢಶಾಲಾ ಚಾಂಪಿಯನ್‌ಶಿಪ್‌ನಲ್ಲಿ ಅವಳಿಗೆ ಜಾಗವಿಲ್ಲ. ಇದು ಅವಳ ಕೊನೆಯ ವರ್ಷ.

ಕಾರಣ? ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್ ತುಸು ತಡವಾಗಿ ಶುರುವಾಗುತ್ತದಂತೆ. ಅದನ್ನು ತಾನೇ ಸಮಯ ಹಿಡಿಯುವ ಯಂತ್ರದ ಲೆಕ್ಕಕ್ಕೆ ಸರಿದೂಗಿಸಲು ಕಾಲು ಸೆಕೆಂಡು ಸೇರಿಸಬೇಕಂತೆ. ಸೇರಿಸಿ, ವಿಜ್ಞಾನದ ಮೇಲೆ ನನಗೆ ಹಗೆಯಿಲ್ಲ. ಆದರೆ ನಿಮ್ಮ ಮಿತಿ ಹುಟ್ಟಿದ್ದೆಲ್ಲಿ ಸ್ವಾಮಿ? ಕಳೆದ ವರ್ಷದ ಫೈನಲ್‌ನಲ್ಲಿ ಮೂರನೆಯವಳು ಓಡಿದ ಸಮಯವೇ ಈ ವರ್ಷದ ಮಿತಿ. ಅಂದು ನಿಮ್ಮ ಯಂತ್ರ ಕೆಟ್ಟು ಕೂತಿತ್ತು. ನಿಮ್ಮವರೇ ಅಂತಿಮ ಗೆರೆಯ ಬಳಿ ನಿಂತು ಹೆಬ್ಬೆರಳಿನಿಂದ ಸ್ಟಾಪ್‌ವಾಚ್ ಒತ್ತಿದ್ದನ್ನು ಕ್ರೀಡಾಂಗಣದಲ್ಲಿದ್ದವರೆಲ್ಲ ನೋಡಿದ್ದೇವೆ. ಆ ಸಮಯಕ್ಕೆ ಕಾಲು ಸೆಕೆಂಡು ಸೇರಿಸುವುದನ್ನು ಮರೆತಿರಿ. ಚೂಟಿಯದಕ್ಕೆ ಸೇರಿಸಲು ಮಾತ್ರ ಮರೆಯಲಿಲ್ಲ. ನಿಮ್ಮ ಹೆಬ್ಬೆರಳು ಸತ್ಯಹರಿಶ್ಚಂದ್ರ, ನಮ್ಮದು ಕಳ್ಳ!

ನಾನೂ ಅಕ್ಕನೂ ಇದನ್ನು ಕೇಳಲು ನಿಮ್ಮ ಕಚೇರಿಗೆ ಬಂದೆವು. ನಿಮ್ಮ ಕಾರ್ಯದರ್ಶಿ ಫೋನಿನಿಂದ ತಲೆ ಎತ್ತಲಿಲ್ಲ.

"ರೂಲ್ ಅಂದ್ರೆ ರೂಲ್ ಕಣಮ್ಮಾ."

"ಹಾಗಾದ್ರೆ ಹೋದ್ವರ್ಷದ್ದಕ್ಕೂ ಸೇರ್ಸಿ ಸಾರ್," ಎಂದೆ.

"ಅದು ಆಗ್ಲೇ ಫೈನಲ್ ಆಗೋಯ್ತಲ್ಲ!"

ಗೋಡೆಗೆ ಬಣ್ಣ ಬಳಿದು ಬದುಕುವ ನನ್ನಕ್ಕ ಸುಮ್ಮನಿರಲಿಲ್ಲ: "ಸೊಟ್ಟಗೆ ಬಳಿದ ಪಟ್ಟೆ ಒಣಗಿದ್ ತಕ್ಷಣ ನೆಟ್ಟಗಾಗುತ್ತಾ ಸಾರ್?"

"ಜಗಳ ಬೇಡ. ನಿಮ್ ಹುಡುಗಿಗೆ ಇನ್ನೊಂಚೂರು ಜೋರಾಗಿ ಓಡೋಕೆ ಹೇಳಿ."

ಚೂಟಿ ಬಾಗಿಲಲ್ಲೇ ನಿಂತಿದ್ದಳು. ಮೆಟ್ಟಿಲಿಳಿಯುವಾಗ ಕೇಳಿದಳು: "ಚಿಕ್ಕಮ್ಮಾ, ನಾನು ಸುಳ್ಳು ಓಡಿದ್ನಾ?"

ಅಧ್ಯಕ್ಷರೇ, ಆ ಪ್ರಶ್ನೆಗೆ ನೀವು ಬೆಲೆ ತೆರಲೇಬೇಕು. ಹುಡುಗಿಗೆ ಜಾಗ ಕೊಟ್ಟು ಕೈತೊಳೆದುಕೊಳ್ಳುವಿರಾದರೆ ನಮ್ಮನ್ನು ಅರಿತಿಲ್ಲ ಎಂದರ್ಥ. ಮಿತಿಗೆ ಆ ಕಾಲು ಸೆಕೆಂಡು ಸೇರಿಸಿ. ಹೀಗೇ ಹೊರಗುಳಿದ ಪ್ರತಿ ಮಗುವನ್ನೂ ಒಳಗೆ ಕರೆಯಿರಿ. ಮೊದಲ ಓಟಕ್ಕೆ ಮುಂಚೆ ಮೈಕ್ ಹಿಡಿದು, ನೆರೆದವರೆದುರು ನಿಮ್ಮ ಬಾಯಿಂದಲೇ ತಪ್ಪೊಪ್ಪಿಕೊಳ್ಳಿ. ಆಮೇಲೆ ಕುರ್ಚಿ ಬಿಟ್ಟು ಇಳಿಯಿರಿ. ನಿಮ್ಮ ಮುಖ ಇಂಗುತಿಂದ ಮಂಗನಂತಾಗುವುದನ್ನು ಮುಂದಿನ ಸಾಲಿನಲ್ಲಿ ಕೂತು ನೋಡುವ ಆಸೆ ನನಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಹೊರಗುಳಿದ ಮಕ್ಕಳೂ ಅವರ ಹೆತ್ತವರೂ ಒಂದಾಗಿದ್ದೇವೆ. ನೀವು ಸಭೆಗೆ ಬರುವಾಗ ಕಚೇರಿಯ ಮುಂಬಾಗಿಲಲ್ಲೂ ಹಿಂಬಾಗಿಲಲ್ಲೂ ನಾವೇ ಇರುತ್ತೇವೆ. ನಿಮ್ಮ ಸಮಿತಿಯ ಮುಂದಿನ ಸಭೆ ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ.

ಇಂತಿ,
ನಿಮ್ಮ ನಿಯಮವನ್ನು ನಂಬಿ ಹುಡುಗಿಯನ್ನು ಓಡಲು ಕಳಿಸಿದ ದಡ್ಡಿ,
ಚೂಟಿಯ ಚಿಕ್ಕಮ್ಮ