ಹತ್ತು ಎಂದು ಕೂಗಿದೆ

ಭೀಮಾಶಂಕರ,

ಇದನ್ನು ನಿನಗೆ ಕಳಿಸುವುದಿಲ್ಲ. ಕೂಲಿಯವರ ಮಕ್ಕಳಿಗೆಂದು ನಾವಿಬ್ಬರೂ ಆರಂಭಿಸಿದ ಬಂಡೆಯೇರುವ ಬೇಸಿಗೆ ಶಿಬಿರ ಈ ವರ್ಷವೂ ನಡೆಯುತ್ತಿದೆ. ಬಂಡೆಗಳು ಯಾರಪ್ಪನ ಆಸ್ತಿಯೂ ಅಲ್ಲ ಎಂಬ ನಮ್ಮ ಕರಪತ್ರವನ್ನು ಕೂಕಟ್‌ಪಲ್ಲಿಯಲ್ಲಿ ನಾನೊಬ್ಬನೇ ಹಂಚಿದೆ. ನೀನು ಉಳ್ಳವರ ಮಕ್ಕಳ ಶಿಬಿರದಲ್ಲಿ ಕೆಲಸಕ್ಕೆ ಸೇರಿದ್ದು ತಪ್ಪೆಂದೇ ಈಗಲೂ ಹೇಳುತ್ತೇನೆ.

ಇವತ್ತು ಯಾದಗಿರಿ ಕಡೆಯ ಉಮಾಶ್ರೀ ಎಂಬ ಹುಡುಗಿ ಬಂಡೆಯ ಅರ್ಧಕ್ಕೇರಿ ಹೆದರಿ ನಿಂತುಬಿಟ್ಟಳು. ಹೆದರಿಕೆಯಾದರೆ ಹತ್ತರವರೆಗೆ ಎಣಿಸಿ ಎಂದು ಬೆಳಿಗ್ಗೆ ಹೇಳಿಕೊಟ್ಟವನು ನಾನೇ. ಕೆಳಗೆ ಹಗ್ಗ ಹಿಡಿದು ನಿಂತಾಗ ನನಗೇ ಅದು ಮರೆತೇಹೋಯಿತು. ಶಿಬಿರದಲ್ಲಿ ಆಡುವ ತೆಲುಗೂ ಮರೆತು, “ಹತ್ತು! ಹತ್ತು!” ಎಂದು ಕೂಗಿದೆ.

“ಹತ್ತು ಇನ್ನಾ ಆಗಿಲ್ರಿ ಅಣ್ಣಾ, ಈಗ ಏಳ್ ಆಗ್ಯಾವ! ಅವಸರ ಮಾಡಬ್ಯಾಡ್ರಿ!” ಎಂದು ಮೇಲಿನಿಂದ ಗದರಿದಳು. ಉಳಿದ ಮೂರನ್ನೂ ಎಣಿಸಿ ಮುಗಿಸಿಯೇ ತುದಿ ಮುಟ್ಟಿದಳು.

ನಗು ತಡೆಯಲಾಗಲಿಲ್ಲ. ನಗುತ್ತಲೇ, ನೀನು ನಿಲ್ಲುತ್ತಿದ್ದ ಎಡಗಡೆಗೆ ತಿರುಗಿದೆ. ಅಲ್ಲಿ ಈ ವರ್ಷ ಹೊಸದಾಗಿ ಬಂದ ಶ್ರಾವಣಿ ಇದ್ದಳು, ಕನ್ನಡ ಬಾರದವಳು.

“ಏಮೈಂದಿ ಅನ್ನಾ?” ಏನಾಯಿತೆಂದು ಕೇಳಿದಳು.

ಹೇಳಲು ಹೊರಟೆ. ತೆಲುಗಿನಲ್ಲಿ ಏರುವ ಹತ್ತೂ ಎಣಿಸುವ ಹತ್ತೂ ಬೇರೆ ಬೇರೆ ಮಾತು. ಹಗ್ಗ ಬಿಗಿಹಿಡಿದು ಹುಡುಗಿಯನ್ನು ಇಳಿಸತೊಡಗಿದೆ.