ಸುಮ್ಮನೆ ಕೂರುವ ಸೆಮಿಸ್ಟರ್

ಮಾನ್ಯ ಕುಲಪತಿಗಳೇ,

ಮಾನವಶಾಸ್ತ್ರದ ಎಂ.ಎ. ಪಠ್ಯಕ್ರಮದಿಂದ ಕ್ಷೇತ್ರಕಾರ್ಯದ ಸೆಮಿಸ್ಟರನ್ನು ಕಿತ್ತುಹಾಕಿ, ಆ ಜಾಗದಲ್ಲಿ 'ಬಳಕೆದಾರ ಸಂಶೋಧನಾ ಕೌಶಲ' ಎಂಬ ತರಬೇತಿಯನ್ನು ಕೂರಿಸಲು ಹೊರಟಿದ್ದೀರಿ. ಅದನ್ನು ಸಮರ್ಥಿಸಿ ಮಾತನಾಡಲು ವಿದ್ಯಾವಿಷಯಕ ಪರಿಷತ್ತಿನ ಸಭೆಗೆ ನನ್ನನ್ನೇ ಕರೆದಿದ್ದೀರಿ. ಅದೇ ವಿಭಾಗದಲ್ಲಿ ಓದಿ, ಈಗ ಆಸ್ಪತ್ರೆಗಳಿಗೆ ಆ್ಯಪ್ ಮಾಡಿಕೊಡುವ ಕಂಪನಿಯಲ್ಲಿ ಜನ ಅದನ್ನು ಹೇಗೆ ಬಳಸುತ್ತಾರೆಂದು ಅಧ್ಯಯನ ಮಾಡುವ ಕೆಲಸದಲ್ಲಿರುವವಳು, ನಿಮ್ಮ ಪಕ್ಷದ ಸಾಕ್ಷಿಯೆಂದು ತಾವು ಭಾವಿಸಿದಂತಿದೆ. ಅಲ್ಲ. ಇದನ್ನು ನಿಮ್ಮ ಕಚೇರಿಗೆ ಬರೆದು ತಿಳಿಸಿದ್ದೆ. 'ತಮ್ಮ ಸಲಹೆಯನ್ನು ಗಮನಿಸಲಾಗಿದೆ' ಎಂಬ ಒಂದು ಸಾಲು ಬಂತು. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ಕೋಪದಿಂದಲ್ಲ. ಕೋಪ ಇರಬೇಕಾದ ಜಾಗದಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ.

'ಒಂದು ಸೆಮಿಸ್ಟರ್ ಪೂರ್ತಿ ಎಲ್ಲೋ ಸುಮ್ಮನೆ ಕೂತು ಬರುವುದಕ್ಕೆ ಯಾವ ಆಧಾರದ ಮೇಲೆ ಅಂಕ ಕೊಡಬೇಕು?' ಎಂದು ನಿಮ್ಮ ಟಿಪ್ಪಣಿ ಕೇಳುತ್ತದೆ. ನ್ಯಾಯವಾದ ಪ್ರಶ್ನೆ. ನಾನು ಕೂತದ್ದು ಬಸ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿ. ಮೊದಮೊದಲು ಯಾರೂ ಮಾತಾಡಿಸಲಿಲ್ಲ. ಕೊನೆಗೊಬ್ಬ ಚಾಲಕ ಬೂಟು ಕಳಚುತ್ತಾ ಕೇಳಿದ, "ಏನಮ್ಮಾ, ದಿನಾ ಬರ್ತೀಯ, ಯಾರನ್ನಾದ್ರೂ ಕಾಯ್ತಿದೀಯಾ?"

"ಇಲ್ಲ ಅಣ್ಣ, ನೋಡ್ತಿದೀನಿ."

"ನೋಡೋಕೆ ಯಾರಾದ್ರೂ ಸಂಬಳ ಕೊಡ್ತಾರಾ?"

ಈಗ ಕೊಡುತ್ತಾರೆ, ಕುಲಪತಿಗಳೇ. ಯಾಕೆ ಕೊಡುತ್ತಾರೆ ಎಂಬುದನ್ನು ಹೇಳಬೇಕು.

ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ರೋಗಿಯ ಮನೆಯವರ ಫೋನಿಗೆ ಸುದ್ದಿ ಕಳಿಸುವ ಆ್ಯಪ್ ಒಂದನ್ನು ನಾವು ಮಾಡಿದ್ದೆವು. ಸುದ್ದಿ ತಲುಪುತ್ತಿತ್ತು, ಯಾರೂ ತೆರೆಯುತ್ತಿರಲಿಲ್ಲ; ಸ್ವಲ್ಪ ಹೊತ್ತು ತೆರೆಯದಿದ್ದರೆ ಅದು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆಫೀಸಿನಲ್ಲಿ ಗ್ರಾಫು ನೋಡಿ ಚರ್ಚೆ ಮಾಡಿದೆವು. ವಿನ್ಯಾಸದ ಮುಖ್ಯಸ್ಥರು, "ಬಟನ್ ಕಣ್ಣಿಗೆ ಬೀಳ್ತಿಲ್ಲ ಅನ್ಸುತ್ತೆ, ದೊಡ್ಡದು ಮಾಡೋಣ" ಅಂದರು. ದೊಡ್ಡದಾಯಿತು. ಹಸಿರೂ ಆಯಿತು. ಬಳಕೆದಾರರಿಗೆ ಫೋನು ಮಾಡಿ ಕೇಳಿದರೆ, "ಆ್ಯಪ್ ಚೆನ್ನಾಗಿದೆ ಸಾರ್" ಎಂದರು. ನಿಮ್ಮ ತರಬೇತಿ ಕಲಿಸಲಿರುವುದು ಇಲ್ಲಿಯವರೆಗಿನದನ್ನು.

ನಾನು ಹೋಗಿ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕೂತೆ. ಗೋಡೆಗೆ ಬೋಲ್ಟು ಹಾಕಿದ ಉಕ್ಕಿನ ಕುರ್ಚಿಗಳು, ಒಂದರ ಮೇಲೆ ಯಾರೋ ಬಿಟ್ಟುಹೋದ ಫ್ಲಾಸ್ಕು. ಎದುರಿಗೆ ಅತ್ತೆ, ಸೊಸೆ. ಒಳಗಿದ್ದವರು ಅತ್ತೆಯ ಗಂಡ. ಸೊಸೆಯ ಮಡಿಲಲ್ಲಿ ಫೋನು ಒಮ್ಮೆ ನಡುಗಿತು.

"ಬಂತು ಅಂತ ಕಾಣುತ್ತೆ. ತೆಗಿಯೇ."

"ಭಾವ ಬರ್ಲಿ ಅತ್ತೆ."

"ಅವನು ಔಷಧಿ ಅಂಗಡಿ ಹತ್ರ ನಿಂತವ್ನೆ, ಯಾವಾಗ ಬರ್ತಾನೋ. ಫೋನು ನಿಂದೇ ತಾನೆ?"

"ನಂದೇ. ಆದ್ರೆ ಮೊದ್ಲು ನಾನು ಓದಿ, ಏನಾದ್ರೂ ಹೆಚ್ಚುಕಮ್ಮಿ ಇದ್ರೆ, ಆಮೇಲೆ ನಿಮ್ಮ ಮುಖ ನೋಡ್ಕೊಂಡು ಇಲ್ಲಿ ಹೆಂಗೆ ಕೂತ್ಕೊಳ್ಲಿ?"

ಅತ್ತೆ ಬಾಗಿಲ ಕಡೆ ತಿರುಗಿ ಕೂತರು. ಭಾವ ಬರುವಷ್ಟರಲ್ಲಿ ಆ್ಯಪ್ 'ಸಮಯ ಮೀರಿದೆ' ಎಂದು ಬಾಗಿಲು ಹಾಕಿಕೊಂಡಿತ್ತು. ಮೂವರೂ ಎದ್ದು ಕೌಂಟರಿಗೆ ಓಡಿದರು. ಒಳಗಿದ್ದವರು ಚೆನ್ನಾಗಿದ್ದರು. ಅಷ್ಟು ಹೊತ್ತು ಆ ಸಂಗತಿ ಸೊಸೆಯ ಮಡಿಲಲ್ಲೇ ಬಿದ್ದಿತ್ತು.

ಒಂದು ಫೋನಿಗೆ ಒಬ್ಬ ಬಳಕೆದಾರ ಎಂದು ನಾವೆಲ್ಲ ನಂಬಿದ್ದೆವು. ಅಲ್ಲಿದ್ದದ್ದು ಒಂದು ಸಂಸಾರ. ಯಾವ ಮಾತು ಮೊದಲು ಯಾರ ಕಿವಿಗೆ ಬೀಳಬೇಕು ಎಂಬುದು ಆ ಮೂವರಿಗೂ ಗೊತ್ತಿತ್ತು, ನಮ್ಮ ಗ್ರಾಫಿಗೆ ಗೊತ್ತಿರಲಿಲ್ಲ. ಪ್ರಶ್ನಾವಳಿಯಲ್ಲಿ ಇದು ಸಿಗುತ್ತಿತ್ತೇ? ಯಾವ ಸೊಸೆ ಅಪರಿಚಿತರಿಗೆ ಫೋನಿನಲ್ಲಿ ಹೀಗೆ ಹೇಳಿಯಾಳು? ಪ್ರಶ್ನೆ ಕೇಳುವ ಮೊದಲು ಯಾರು ಯಾರ ಕಡೆ ತಿರುಗುತ್ತಾರೆಂದು ನೋಡಬೇಕು ಎಂಬುದನ್ನು ನಾನು ಯಾವ ಸಾಫ್ಟ್‌ವೇರಿನಿಂದ ಕಲಿತೆ? ಕಲಿತದ್ದು ಡಿಪೋದ ಆ ಕೋಣೆಯಲ್ಲಿ.

ಸುಳ್ಳು ಹೇಳಬಾರದು, ಈ ಕಥೆಗೆ ಸುಖಾಂತವೇನೂ ಇಲ್ಲ. ವರದಿ ಕೊಟ್ಟೆ. ಮ್ಯಾನೇಜರ್ ಓದಿ, "ಅಂದ್ರೆ ಒಂದೊಂದು ಫೋನಿನ ಹಿಂದೆ ಮೂರು ನಾಲ್ಕು ಜನ ಇದಾರೆ. ಎಲ್ಲರ ಕೈಲೂ ಆ್ಯಪ್ ಹಾಕಿಸಬಹುದು ಕಣ್ರೀ" ಅಂದರು. ಹಾಕಿಸಿದರು. ಜೊತೆಗೆ, ಮನೆಯವರು ಬರುವ ತನಕ ಸುದ್ದಿಯನ್ನು ಹಾಗೇ ಹಿಡಿದಿಡುವ ಏರ್ಪಾಡನ್ನೂ ಮಾಡಿದರು. ಗ್ರಾಫು ಮೇಲೇರಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಸಂತೋಷವಾಗಲಿಲ್ಲ, ಬೇಸರವೂ ಆಗಲಿಲ್ಲ. ಮನೆಗೆ ಹೋಗಿ, ದೂರದ ಯಾವುದೋ ಭಾಷೆಯಿಂದ ಅನುವಾದವಾದ ಕಾದಂಬರಿಯೊಂದರಲ್ಲಿ ನಾಲ್ಕು ಪುಟ ಓದಿ ಮಲಗಿದೆ. ಮಾನವಶಾಸ್ತ್ರ ಓದಿದರೆ ಇಂಥ ಉದ್ಯೋಗ ಸಿಗುತ್ತದೆ ಎಂದು ನೀವು ಜಾಹೀರಾತು ಕೊಡುತ್ತಿದ್ದೀರಿ. ಸಿಗುತ್ತದೆ. ಸಂಬಳ ಚೆನ್ನಾಗಿದೆ. ಆದರೆ ಉದ್ಯೋಗ ಸಿಕ್ಕಿದ್ದು ಯಾವುದರಿಂದಲೋ ಅದನ್ನೇ ತೆಗೆದುಹಾಕಿ ಉದ್ಯೋಗವನ್ನು ಮಾತ್ರ ಉಳಿಸಿಕೊಳ್ಳುವ ಉಪಾಯ ತಮಗೆ ಹೇಗೆ ಹೊಳೆಯಿತು?

ಬರುವ ವರ್ಷ ಸೇರುವ ಮಕ್ಕಳು ಎಲ್ಲಿಯೂ ಕೂರುವುದಿಲ್ಲ. ಅವರಿಗೆ ತರಗತಿಯಲ್ಲೇ ಒಬ್ಬ 'ಮಾದರಿ ಬಳಕೆದಾರ'ನನ್ನು ಕಟ್ಟಿಕೊಡಲಾಗುತ್ತದೆ. ಅವನಿಗೆ ವಯಸ್ಸಿರುತ್ತದೆ, ಆದಾಯವಿರುತ್ತದೆ, ಹವ್ಯಾಸವೂ ಇರುತ್ತದೆ. ಅತ್ತೆ ಇರುವುದಿಲ್ಲ.

ನನ್ನ ಬೇಡಿಕೆ ಇಷ್ಟೇ: ಕ್ಷೇತ್ರಕಾರ್ಯದ ಸೆಮಿಸ್ಟರ್ ಪೂರ್ತಿಯಾಗಿ ಉಳಿಯಲಿ. ನಿಮ್ಮ ತರಬೇತಿಯೂ ನಡೆಯಲಿ, ಅದರ ಜಾಗದಲ್ಲಿ ಮಾತ್ರ ಬೇಡ. ಸಭೆಗೆ ಬರುತ್ತೇನೆ, ಭಾಷಣ ಮಾಡುವುದಿಲ್ಲ. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿ. 'ಈ ಸೆಮಿಸ್ಟರ್ ಬೇಡ ಎನ್ನುವವರು ಕೈ ಎತ್ತಿ' ಎಂದು ತಾವು ಹೇಳಿದಾಗ, ಸದಸ್ಯರು ಕೈ ಎತ್ತುವ ಮೊದಲು ಯಾರ ಮುಖ ನೋಡುತ್ತಾರೆಂದು ಬರೆದುಕೊಳ್ಳುತ್ತೇನೆ.

ಇಂತಿ,
ಇಷ್ಟು ಮಾತಾಡಿದ್ದಕ್ಕೇ ದಣಿದಿರುವ,
ತಮ್ಮ ಹಳೆಯ ವಿದ್ಯಾರ್ಥಿನಿ